ದೋಸೆ ಕಲ್ಲಿನ ಮುಂದಿನ ಜಾಗ

ಕಾದ ಕಲ್ಲಿನ ಮೇಲೆ ನೀರು ಚಿಮುಕಿಸಿದಾಗ ಬರುವ ‘ಚುಂಯ್’ ಎನ್ನುವ ಸದ್ದು. ಅದರ ಬೆನ್ನಿಗೇ ತೆಂಗಿನ ಕಡ್ಡಿಯ ಪೊರಕೆಯನ್ನು ಎರಡು ಸಲ ಎಳೆದ ಪರ್ ಪರ್ ಸದ್ದು. ಆಮೇಲೆ ಒಂದು ಕ್ಷಣ ಏನೂ ಕೇಳಿಸುವುದಿಲ್ಲ. ಹಿಟ್ಟು ಬೀಳುವುದು ಆಗಲೇ. ನನ್ನ ಆಫೀಸು ಎಂದು ಎಲ್ಲರೂ ಮರ್ಯಾದೆಗೆ ಕರೆಯುತ್ತಿದ್ದ ಜಾಗ, ಅಡುಗೆಮನೆಗೂ ಸ್ಟೋರ್ ರೂಮಿಗೂ ನಡುವೆ ಪ್ಲೈವುಡ್ ಹೊಡೆದು ಮಾಡಿದ ಒಂದು ಗೂಡು. ಹೀಗಾಗಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಟೈಪ್ ಮಾಡಿದ ಪ್ರತಿಯೊಂದು ಲೆಟರಿನ ಹಿಂದೆಯೂ ಈ ಸದ್ದಿದೆ. ‘ವಿತ್ ರೆಫರೆನ್ಸ್ ಟು ಯುವರ್ ನೋಟಿಸ್’ ಎನ್ನುವಾಗ ಚುಂಯ್. ‘ನೆಸೆಸರಿ ಆ್ಯಕ್ಷನ್ ಹ್ಯಾಸ್ ಬೀನ್ ಟೇಕನ್’ ಎನ್ನುವಾಗ ಪರ್ ಪರ್. ಆ್ಯಕ್ಷನ್ ತೆಗೆದುಕೊಂಡಿರುತ್ತಿದ್ದುದು ಹೆಚ್ಚಾಗಿ ಆ ಪೊರಕೆ ಒಂದೇ.

ತ್ಯಾಗರಾಜನಗರದ ನಮ್ಮ ಪಕ್ಕದ ಮನೆಯ ಹುಡುಗಿಗೆ ಈಚೆಗೆ ಒಂದು ದೊಡ್ಡ ಹೋಟೆಲಿನಲ್ಲಿ ಕೆಲಸ ಸಿಕ್ಕಿದೆ. ‘ಆಂಟಿ, ಸೇಫ್ಟಿ ಅಂಡ್ ಕಂಪ್ಲಯನ್ಸ್ ಅಂತ ಹಾಕಿದಾರೆ, ಏನ್ ಮಾಡ್ಬೇಕು?’ ಎಂದು ಬಂದು ಕೇಳಿದಳು. ಅವಳಿಗೆ ಹೇಳುತ್ತಾ ಹೇಳುತ್ತಾ ಕಾಫಿ ಆರಿಹೋಯಿತು, ಉತ್ತರ ಮುಗಿಯಲಿಲ್ಲ. ಆದ್ದರಿಂದ ಬರೆಯಲು ಕೂತಿದ್ದೇನೆ. ಪ್ರಮೋಷನ್ನಿನ ವಿಷಯ ಬಿಟ್ಟುಬಿಡುತ್ತೇನೆ. ಆಗಿದ್ದು ಎರಡೇ, ಎರಡು ಸಲವೂ ಬದಲಾದದ್ದು ಕುರ್ಚಿಯ ಕುಷನ್ನು ಮಾತ್ರ.

ನಮ್ಮದು ಜಯನಗರದ ಒಂದು ವೆಜಿಟೇರಿಯನ್ ಹೋಟೆಲು. ಕೆಳಗೆ ಜನ ನಿಂತು ತಿನ್ನುವ ದರ್ಶಿನಿ, ಒಂದು ಪಕ್ಕದಲ್ಲಿ ಕೂತು ತಿನ್ನಲು ಫ್ಯಾಮಿಲಿ ರೂಮು, ಮೇಲೆ ಪಾರ್ಟಿ ಹಾಲು. ಯಜಮಾನರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಮೊದಲ ದಿನ ಗಲ್ಲಾದ ಪಕ್ಕದಲ್ಲಿ ನಿಲ್ಲಿಸಿಕೊಂಡು ನನಗೆ ಕೆಲಸ ವಿವರಿಸಿದರು.

“ನೋಡಿ ನಳಿನಿ ಮೇಡಂ, ನಿಮ್ದು ಸಿಂಪಲ್ಲು. ಇನ್‌ಸ್ಪೆಕ್ಟ್ರು ಯಾರಾದ್ರೂ ಬಂದ್ರೆ ಇಂಗ್ಲಿಷಲ್ಲಿ ಮಾತಾಡ್ಬೇಕು. ಕಾಫಿ ನಾವ್ ಕೊಡ್ತೀವಿ.”

ಇಂಗ್ಲಿಷ್ ನನಗೆ ಬರುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ದಿನಾ ಬೆಳಿಗ್ಗೆ ಉಗುರು, ರಿಬ್ಬನ್, ಕರ್ಚೀಫು ಮೂರನ್ನೂ ಚೆಕ್ ಮಾಡಿ ಒಳಗೆ ಬಿಡುತ್ತಿದ್ದರು. ಲೇಬರ್ ಲಾ, ಫುಡ್ ಸೇಫ್ಟಿ, ಫೈರ್ ಲೈಸೆನ್ಸು ಎಲ್ಲವನ್ನೂ ನಾನು ಆಮೇಲೆ ಕೆಲಸ ಮಾಡುತ್ತಾ ಕಲಿತೆ. ಆದರೆ ನಿಜ ಹೇಳಬೇಕೆಂದರೆ ನನ್ನ ಇಡೀ ಕರಿಯರ್ ನಡೆದದ್ದು ಆ ಕರ್ಚೀಫ್ ಟ್ರೇನಿಂಗಿನ ಮೇಲೆ.

ಸೇರಿದ ವರ್ಷವೇ ಆಯುಧಪೂಜೆಗೆ ನಮ್ಮ ಅಡುಗೆಯವರು ಫೈರ್ ಎಕ್ಸ್‌ಟಿಂಗ್ವಿಷರ್‌ಗಳಿಗೂ ಪೂಜೆ ಮಾಡಿದರು. ಗ್ರೈಂಡರಿಗೆ ಮಾಡಿದ್ದಾರೆ, ಇದೇನು ಪಾಪ ಮಾಡಿದೆ? ಕೆಂಪು ಸಿಲಿಂಡರಿನ ಕತ್ತಿಗೆ ಚೆಂಡುಹೂವಿನ ಹಾರ, ಪ್ರೆಷರ್ ಮುಳ್ಳು ತೋರಿಸುವ ಗಾಜಿನ ಮೇಲೆ ಬೆರಳಗಲ ಅರಿಶಿನ ಕುಂಕುಮ. ಹಾರ ಜಾರಬಾರದೆಂದು ದಾರವನ್ನು ಸೇಫ್ಟಿ ಪಿನ್ನಿನ ರಿಂಗಿಗೇ ಸುತ್ತಿ ಮೂರು ಗಂಟು ಹಾಕಿದ್ದರು. ಮುಳ್ಳು ಹಸಿರಿನಲ್ಲಿದೆಯೋ ಕೆಂಪಿನಲ್ಲಿದೆಯೋ ಆ ದೇವರಿಗೇ ಗೊತ್ತು. ನಾನು ಒದ್ದೆ ಬಟ್ಟೆ ತಂದು ಕುಂಕುಮ ಒರೆಸಲು ಹೋದಾಗ ಇಡೀ ಅಡುಗೆಮನೆ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಮುಂದಿನ ವರ್ಷದಿಂದ ಒಂದು ಒಪ್ಪಂದಕ್ಕೆ ಬಂದೆವು: ಕುಂಕುಮ ಸಿಲಿಂಡರಿನ ಹೊಟ್ಟೆಗೆ, ಹಾರ ಪಕ್ಕದ ಮೊಳೆಗೆ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನನ್ನ ಮೊದಲ ಸಲಹೆ ಇದೇ. ಪೂಜೆ ಮಾಡಬೇಡಿ ಎಂದು ಯಾವತ್ತೂ ಹೇಳಬೇಡಿ. ಎಲ್ಲಿ ಮಾಡಬೇಕೆಂದು ಹೇಳಿ.

ಆಮೇಲೆ ನನ್ನ ಮೊದಲ ಫೈರ್ ಡ್ರಿಲ್. ಜನ ತುಂಬಿರುವಾಗ ಮಾಡಿದರೇ ರಿಯಲಿಸ್ಟಿಕ್ ಎಂದುಕೊಂಡು ಭಾನುವಾರ ಬೆಳಿಗ್ಗೆ ಎಂಟೂವರೆಗೆ ಬೆಲ್ ಹೊಡೆಸಿದೆ. ಇದಕ್ಕಿಂತ ದೊಡ್ಡ ಪೆದ್ದುತನ ಇನ್ನೊಂದಿಲ್ಲ. ವಾಕಿಂಗ್ ಮುಗಿಸಿ ಬಂದ ಒಬ್ಬ ಅಂಕಲ್, “ಕಾಫಿ ಹೇಳಿದೀನಮ್ಮಾ, ಕುಡ್ಕೊಂಡು ಆಚೆ ಬರ್ತೀನಿ, ಅಷ್ಟರಲ್ಲಿ ಏನೂ ಆಗಲ್ಲ” ಎಂದು ನನಗೇ ಧೈರ್ಯ ಹೇಳಿದರು. ಮಿಕ್ಕವರು ತಟ್ಟೆ ಸಮೇತ ಫುಟ್‌ಪಾತಿಗೆ ಹೋಗಿ ನಿಂತು ತಿಂದರು. ಇಬ್ಬರು ಅಲ್ಲಿಂದಲೇ ಎಕ್ಸ್‌ಟ್ರಾ ಚಟ್ನಿ ಕೇಳಿದರು. ತಲೆ ಎಣಿಸಿದೆ. ಸಿಬ್ಬಂದಿಯಲ್ಲಿ ಒಬ್ಬ ಕಡಿಮೆ. ಒಳಗೆ ಓಡಿದೆ.

ನಮ್ಮ ದೋಸೆ ಮಾಸ್ಟರ್ ವಾಸಣ್ಣ ಕಲ್ಲಿನ ಮುಂದೆ ನಿಂತು ಆರಾಮವಾಗಿ ದೋಸೆ ಮಗುಚುತ್ತಿದ್ದ.

“ವಾಸಣ್ಣ! ಬೆಂಕಿ ಬಿದ್ದಿದೆ ಅಂತ ಅಂದ್ಕೊಂಡು ಹೊರಗೆ ಬರ್ಬೇಕು!”

“ಬೆಂಕಿ ಇಲ್ಲೇ ಇದೆಯಲ್ಲ ಮೇಡಂ, ಕಲ್ಲಿನ ಕೆಳಗೆ. ಎಲ್ಲೂ ಬಿದ್ದಿಲ್ಲ.”

“ಇದು ರೂಲ್ಸು.”

“ರೂಲ್ಸು ಸರಿ. ನಾನ್ ಕಲ್ಲು ಬಿಟ್ಟು ಬರಲ್ಲ.”

ಆ ದಿನ ಅದನ್ನು ಹಟ ಎಂದುಕೊಂಡೆ. ಕಾರಣವನ್ನು ಬಹಳ ದಿನದ ಮೇಲೆ, ಮಧ್ಯಾಹ್ನ ಕಲ್ಲು ಆರಿದ ಹೊತ್ತಿನಲ್ಲಿ ಅವನೇ ಹೇಳಿದ. ನಮ್ಮ ಕಡೆಯ ಹೋಟೆಲುಗಳಲ್ಲಿ ದೋಸೆ ಕಲ್ಲು ಯಾರ ಕೈಯಲ್ಲಿದೆಯೋ ಅವರದು. ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ ‘ಕುಕ್’ ಎಂದಷ್ಟೇ ಇರುತ್ತದೆ, ಕಲ್ಲಿನ ಹೆಸರಿರುವುದಿಲ್ಲ. ಒಂದು ವಾರ ಬಿಟ್ಟುಹೋದರೆ, ಬಂದಾಗ ಅಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ನೀವು ಪಲ್ಯದ ಕಡೆಗೋ ಈರುಳ್ಳಿಯ ಕಡೆಗೋ ಹೋಗಬೇಕು. ವಾಸಣ್ಣನಿಗೆ ಆ ಜಾಗ ಸಿಕ್ಕಿದ್ದೂ ಹಾಗೆಯೇ. ಅವನಿಗೆ ದೋಸೆ ಕಲಿಸಿದ ಹಿರಿಯ ಭಟ್ಟರು ತಂಗಿಯ ಮದುವೆಗೆಂದು ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದರು. ಕಲ್ಲಿನ ಮುಂದೆ ವಾಸಣ್ಣ ನಿಂತಿದ್ದ.

“ಅವ್ರು ಏನೂ ಅನ್ಲಿಲ್ಲ ಮೇಡಂ. ಹೆಗಲ ಮೇಲಿನ ಟವಲ್ ತೆಗ್ದು ನನ್ ಹೆಗಲಿಗೆ ಹಾಕಿ, ಹೋಗಿ ಕಾಯಿ ತುರಿಯೋಕೆ ಕೂತ್ರು. ನಾನೂ ಏನೂ ಅನ್ಲಿಲ್ಲ.”

ಅದಾದಮೇಲೆ ವಾಸಣ್ಣ ಒಂದು ದಿನವೂ ರಜೆ ಹಾಕಲಿಲ್ಲ. ಮಗಳ ಮದುವೆಯ ದಿನ ಬೆಳಗಿನ ರಶ್ ಮುಗಿಸಿ, ಛತ್ರಕ್ಕೆ ಹಿಟ್ಟಿನ ಕೈಯಲ್ಲೇ ಹೋಗಿ, ಸಂಜೆ ಟಿಫನ್ನಿಗೆ ವಾಪಸ್ ಬಂದಿದ್ದ. ಲೀವ್ ರಿಜಿಸ್ಟರಿನಲ್ಲಿ ಅವನ ಪುಟ ಅಚ್ಚ ಬಿಳಿ. ಅದನ್ನು ನಾನು ಇನ್‌ಸ್ಪೆಕ್ಟರಿಗೆ ಹೆಮ್ಮೆಯಿಂದ ತೋರಿಸುತ್ತಿದ್ದೆ. “ಇವರಿಗೆ ರಜೆ ಕೊಡೋದೇ ಇಲ್ವೇನಮ್ಮಾ?” ಎಂದು ಅವರು ನನ್ನನ್ನೇ ಗದರಿದರು.

ಮೆಥಡ್ಡುಗಳು ಬದಲಾಗುತ್ತಾ ಬಂದವು. ಹಳೆಯ ದಿನಗಳಲ್ಲಿ ರಿಜಿಸ್ಟರುಗಳನ್ನು ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ಒಂದೇ ಪೆನ್ನಿನಲ್ಲಿ ತುಂಬಿಸುತ್ತಿದ್ದೆವು. ಹನ್ನೆರಡು ತಿಂಗಳ ಬರವಣಿಗೆ ಒಂದೇ ನೀಲಿ. ಬುದ್ಧಿವಂತೆಯಾದ ಮೇಲೆ ನಾನು ಎರಡು ಪೆನ್ನು ಇಟ್ಟುಕೊಂಡೆ. ಆಮೇಲೆ ಎಲ್ಲ ಆನ್‌ಲೈನ್ ಆಯಿತು, ಫೋಟೋ ಅಪ್‌ಲೋಡ್ ಆಯಿತು. ಟೋಪಿ ಹಾಕಿಕೊಂಡು ಫೋಟೋ, ಗ್ಲೌಸ್ ಹಾಕಿಕೊಂಡು ಫೋಟೋ. ಫೋಟೋ ಮುಗಿದ ತಕ್ಷಣ ಟೋಪಿಗಳೆಲ್ಲ ವಾಪಸ್ ಬೀರುವಿಗೆ ಬರುತ್ತಿದ್ದವು, ಒಗೆದು ಇಸ್ತ್ರಿ ಮಾಡಿದ ಹಾಗೇ. ಅವುಗಳನ್ನು ತಲೆಯ ಮೇಲೆ ನಿಲ್ಲಿಸಲು ನನಗೆ ಮೂರು ವರ್ಷ ಹಿಡಿಯಿತು. ಕೊನೆಗೆ ಕೆಲಸ ಮಾಡಿದ್ದು ನನ್ನ ಭಾಷಣವಲ್ಲ. ತಲೆ ಬೋಳಾಗುತ್ತಿದ್ದ ಇಬ್ಬರು ಸಪ್ಲೈಯರ್‌ಗಳು ತಾವಾಗಿಯೇ ಹಾಕಲು ಶುರು ಮಾಡಿದರು, ಅವರನ್ನು ನೋಡಿ ಮಿಕ್ಕವರು.

ಆ್ಯಕ್ಸಿಡೆಂಟ್ ರಿಜಿಸ್ಟರೂ ನನ್ನದೇ. ಒಂದು ಸಲ ಮಂಜುಳಾಳ ಕಾಲಿನ ಮೇಲೆ ಬಿಸಿ ಎಣ್ಣೆ ಬಿತ್ತು. ಮಂಜುಳಾ ನಮ್ಮಲ್ಲಿ ತರಕಾರಿ ಹೆಚ್ಚುವ, ಕಾಯಿ ತುರಿಯುವ ಕೆಲಸಕ್ಕಿದ್ದವಳು. ಬನಶಂಕರಿಯ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಬಾಯಿ ಜೋರು. ವಡೆ ಬಾಣಲೆಯ ಎಣ್ಣೆಯನ್ನು ಸೋಸಿ ಪಾತ್ರೆಯಲ್ಲಿ ದೋಸೆ ಕಲ್ಲಿನ ಪಕ್ಕದ ನೆಲದ ಮೇಲೆ ಇಡುವುದು ಎಲ್ಲ ಹೋಟೆಲುಗಳ ಕೆಟ್ಟ ಚಾಳಿ. ಅದು ಉರುಳಿತ್ತು. ಬಲಗಾಲಿನ ಪಾದ ಪೂರ್ತಿ ಬೊಬ್ಬೆ. ಆಸ್ಪತ್ರೆಯಿಂದ ಬಂದವಳನ್ನು ಕೂರಿಸಿಕೊಂಡು ಕೇಳಿದೆ.

“ಹೇಗಾಯ್ತು?”

“ನೆಲ ಒದ್ದೆ ಇತ್ತು ಮೇಡಂ, ಜಾರ್ದೆ. ಕೈ ತಾಗ್ತು.”

ಬರೆದುಕೊಂಡೆ. ‘ರೂಟ್ ಕಾಸ್: ವೆಟ್ ಫ್ಲೋರ್.’ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಆ ಕಾಲಂ! ಎಣ್ಣೆ ಪಾತ್ರೆಗೆ ಬೇರೆ ಕಟ್ಟೆ ಕಟ್ಟಿಸಿದೆ, ಜಾರದ ರಬ್ಬರ್ ಮ್ಯಾಟ್ ತರಿಸಿ ಹಾಸಿಸಿದೆ. ಮರುದಿನ ಆ ಮ್ಯಾಟಿನ ಅಂಚಿಗೆ ವಾಸಣ್ಣ ಎಡವಿದ. ಅದರ ಮರುದಿನವೂ ಎಡವಿದ. “ಹೊಸದಲ್ವಾ, ಕಾಲಿಗೆ ಅಭ್ಯಾಸ ಇಲ್ಲ” ಎಂದ. ನಾನು ನಂಬಿದೆ. ಫಾರಂ ತುಂಬುವವರಿಗೆ ನಂಬಿಕೆ ಜಾಸ್ತಿ.

ಇನ್ನು ಮೆಡಿಕಲ್. ಆಹಾರ ಮುಟ್ಟುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಡಾಕ್ಟರ್ ಪರೀಕ್ಷೆ ಆಗಬೇಕು, ಫಿಟ್‌ನೆಸ್ ಸರ್ಟಿಫಿಕೇಟ್ ಫೈಲಿನಲ್ಲಿರಬೇಕು. ಚರ್ಮ, ಉಗುರು, ಕಣ್ಣು, ಟೈಫಾಯ್ಡ್ ಇಂಜೆಕ್ಷನ್. ಹತ್ತಿರದ ಕ್ಲಿನಿಕ್ಕಿನ ಒಬ್ಬ ಹಿರಿಯ ಡಾಕ್ಟರು ಪ್ರತಿ ವರ್ಷ ಬರುತ್ತಿದ್ದರು. ಒಳ್ಳೆಯವರು, ಆದರೆ ಮಸಾಲೆ ದೋಸೆಯ ಮುಂದೆ ಮೆತ್ತಗೆ. ಪಾರ್ಟಿ ಹಾಲಿನ ಒಂದೇ ಮೊಳೆಗೆ ಒಂದೇ ಕಣ್ಣಿನ ಚಾರ್ಟು ನೇತುಹಾಕಿ, ಜನರನ್ನು ಸಾಲಾಗಿ ಕರೆಯುತ್ತಿದ್ದರು. ನಮ್ಮವರಲ್ಲಿ ಅರ್ಧ ಜನಕ್ಕೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಅವರು ಬೆರಳಿನಲ್ಲಿ ಗಾಳಿಯಲ್ಲಿ ಬರೆದು ತೋರಿಸುತ್ತಿದ್ದರು. ವಾಸಣ್ಣ ಮಾತ್ರ ಸೊಗಸು. ಬೇಗ ಕಲ್ಲಿಗೆ ವಾಪಸ್ ಹೋಗಬೇಕೆಂದು ಯಾವಾಗಲೂ ಮೊದಲು ಅವನೇ ನಿಲ್ಲುತ್ತಿದ್ದ. ಒಂದು ಕಣ್ಣು ಮುಚ್ಚಿಕೊಂಡು, “ಇ. ಎಫ್ ಪಿ. ಟಿ ಓ ಜೆಡ್. ಎಲ್ ಪಿ ಇ ಡಿ” ಎಂದು ಮಗ್ಗಿ ಹೇಳಿದ ಹಾಗೆ ಕೆಳಗಿನ ಸಾಲಿನವರೆಗೂ ಹೋಗುತ್ತಿದ್ದ. ಆ ವಯಸ್ಸಿಗೆ ಆ ಕಣ್ಣು! ರಾಯರ ಮುಂದೆ ನಾನು, “ಸಾರ್, ಹೀ ಹ್ಯಾಸ್ ಐಸ್ ಲೈಕ್ ಆ್ಯನ್ ಈಗಲ್” ಎಂದದ್ದು ಬೇರೆ.

ಆ ವರ್ಷ ಡಾಕ್ಟರ ಹಳೆಯ ಚಾರ್ಟು ಮಡಿಕೆಯ ಗೆರೆಯಲ್ಲಿ ಹರಿದುಹೋಗಿತ್ತಂತೆ. ಹೊಸದನ್ನು ತಂದು ನೇತುಹಾಕಿದರು. ವಾಸಣ್ಣ ಬಂದ, ಗೆರೆಯ ಮೇಲೆ ನಿಂತ, ಎಡಗಣ್ಣಿಗೆ ಅಂಗೈ ಮುಚ್ಚಿದ.

“ಇ. ಎಫ್ ಪಿ. ಟಿ ಓ ಜೆಡ್.”

ಗೋಡೆಯ ಮೇಲೆ ದೊಡ್ಡದಾಗಿ ‘ಗ’ ಇತ್ತು. ಅದರ ಕೆಳಗೆ ‘ರ’, ‘ಸ’. ಡಾಕ್ಟರು ತಂದದ್ದು ಕನ್ನಡ ಚಾರ್ಟು.

ಇಡೀ ಪಾರ್ಟಿ ಹಾಲೇ ನಕ್ಕಿತು. ಡಾಕ್ಟರೂ ಹೊಟ್ಟೆ ಹಿಡಿದುಕೊಂಡು ನಕ್ಕು, “ಸಖತ್ ತಮಾಷೆ ಮಾಡ್ತೀರಿ ವಾಸಣ್ಣ! ಹೋಗಿ ಹೋಗಿ, ಕಲ್ಲು ಕಾಯ್ತಿದೆ. ನೆಕ್ಸ್ಟ್!” ಎಂದರು. ವಾಸಣ್ಣ ತಾನೂ ನಕ್ಕು ಮೆಟ್ಟಿಲಿಳಿದು ಹೋದ. ಎಲ್ಲರೂ ಯಾಕೆ ನಗುತ್ತಿದ್ದಾರೆಂದು ಅವನಿಗೆ ಗೊತ್ತಾಗಿರಲಿಲ್ಲ. ಸಾಲಿನಲ್ಲಿ ನಗದೆ ನಿಂತಿದ್ದವಳು ಮಂಜುಳಾ ಒಬ್ಬಳೇ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಾನು ವಾಸಣ್ಣನ ಫಾರಂ ಮಾತ್ರ ಡಾಕ್ಟರ ಸೈನಿಗೆ ಕೊಡದೆ ಫೈಲಿನ ಕೆಳಗೆ ಇಟ್ಟುಕೊಂಡೆ.

ಮೂರು ಗಂಟೆಗೆ ಕಲ್ಲು ಆರುವ ಹೊತ್ತಿಗೆ ಅಡುಗೆಮನೆಗೆ ಹೋದೆ. ವಾಸಣ್ಣ ಕಲ್ಲಿಗೆ ಎಣ್ಣೆ ಬಟ್ಟೆ ಒರೆಸುತ್ತಿದ್ದ. ಮಂಜುಳಾ ಆಚೆ ಕಟ್ಟೆಯ ಮೇಲೆ ಕಾಯಿ ತುರಿಯುತ್ತಿದ್ದಳು.

“ವಾಸಣ್ಣ, ಇವತ್ತಿನ ಚಾರ್ಟು ಕನ್ನಡದ್ದು.”

ಅವನ ಕೈ ನಿಂತಿತು. “ಈ ಡಾಕ್ಟ್ರಿಗೆ ಇದ್ದಕ್ಕಿದ್ದಂಗೆ ಕನ್ನಡಾಭಿಮಾನ ಯಾಕ್ ಬಂತು ಮೇಡಂ?” ಎಂದ.

“ಎಷ್ಟು ದಿನದಿಂದ ಹೀಗೆ?”

“ಮಸುಕಾಗೋಕೆ ಶುರುವಾಗಿ ನಾಕ್ ವರ್ಷ. ಈಗ ಎರಡರಲ್ಲೂ ಬಿಳೀ ಪರದೆ.”

“ಮತ್ತೆ ಇಂಗ್ಲಿಷ್ ಹೇಗೆ ಹೇಳ್ತಿದ್ರಿ?”

ತುರಿಯುವ ಸದ್ದು ನಿಂತಿತ್ತು. “ನಾನೇ ಹೇಳ್ಕೊಟ್ಟಿದ್ದು” ಎಂದಳು ಮಂಜುಳಾ. “ಚಾರ್ಟು ಹಾಕಿದಾಗ ನೋಡ್ಕೊಂಡು ಬರ್ಕೊಂಡಿದ್ದೆ. ಪ್ರತಿ ವರ್ಷ ಒಂದು ವಾರ ಮುಂಚೆ ಇಬ್ರೂ ರಿವಿಷನ್ ಮಾಡ್ತೀವಿ.”

ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಟೋಕನ್ ಚೀಟಿಗಳನ್ನು ಅವಳೇ ಓದಿ ಕೂಗಿ ಹೇಳುತ್ತಿದ್ದಳಂತೆ. ನಾನದನ್ನು ಟೀಮ್ ಸ್ಪಿರಿಟ್ ಎಂದು ಬರೆದುಕೊಂಡಿದ್ದೆ.

“ಕಣ್ಣಿಂದ ದೋಸೆ ಮಾಡಲ್ಲ ಮೇಡಂ” ಎಂದ ವಾಸಣ್ಣ. “ಕಿವಿಯಿಂದ ಮಾಡ್ತೀನಿ. ನೀರು ಹಾಕಿದ್ರೆ ಕಲ್ಲೇ ಹೇಳತ್ತೆ, ಕಾದಿದೀನಿ ಅಂತ. ದೋಸೆ ಸೀಯೋ ಮುಂಚೆ ವಾಸನೆ ಹೇಳತ್ತೆ. ಇಷ್ಟು ದಿನ ಒಂದಾದ್ರೂ ವಾಪಸ್ ಬಂದಿದ್ಯಾ?”

ಬಂದಿರಲಿಲ್ಲ. ಅದು ನಿಜ.

“ಎಣ್ಣೆ ಪಾತ್ರೆ ಸದ್ದು ಮಾಡಲ್ವಲ್ಲ ವಾಸಣ್ಣ” ಎಂದೆ. ಗುರಿಯಿಟ್ಟು ಹೇಳಿದ್ದಲ್ಲ, ಬಾಯಿಗೆ ಬಂತು. ವಾಸಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿನ ಮೇಲೆಯೇ ಬಿಟ್ಟ.

ಮಂಜುಳಾ ಎದ್ದು ನಿಂತಳು. “ಜಾರಿದ್ದು ನಾನೇ ಮೇಡಂ. ನೀವೇ ರಿಜಿಸ್ಟರ್‌ನಲ್ಲಿ ಬರ್ದಿದೀರಲ್ಲ, ಬೇಕಾದ್ರೆ ತೆಗ್ದು ನೋಡಿ.”

“ಸುಮ್ನಿರಮ್ಮ” ಎಂದ ವಾಸಣ್ಣ. “ನಾನು ಒದ್ದಿದ್ದು ಮೇಡಂ. ಪಾತ್ರೆ ಕಾಣ್ಲಿಲ್ಲ.”

ರಾಯರಿಗೆ ಹೇಳಲೇಬೇಕಾಯಿತು. ಅವರ ಮೊದಲ ಪ್ರಶ್ನೆ, “ಹೋದ್ ವರ್ಷದ ಸರ್ಟಿಫಿಕೇಟ್ ಫೈಲಲ್ಲಿದೆ ತಾನೆ?” ಎರಡನೆಯದು, “ಹೊಸ ಸರ್ಟಿಫಿಕೇಟ್‌ಗೆ ಡಾಕ್ಟ್ರು ಸೈನ್ ಹಾಕ್ತಿದ್ರಲ್ಲ, ನೀವ್ಯಾಕೆ ಅಡ್ಡ ಹೋದ್ರಿ?” ನಾನು ಮಂಜುಳಾಳ ಕಾಲಿನ ವಿಷಯ ಹೇಳಿದ ಮೇಲೆ ಮುಖ ಕೆಂಪಾಗಿ, “ಹಾಗಾದ್ರೆ ಮನೆಗೆ ಕಳ್ಸಿ. ಇವತ್ತೇ ಕಳ್ಸಿ” ಎಂದರು. ಮುಚ್ಚಿಡುವುದು, ಇಲ್ಲವೇ ಮನೆಗೆ ಕಳಿಸುವುದು. ಹೋಟೆಲು ಲೈನಿನಲ್ಲಿ ನಾನು ನೋಡಿದ ಯಜಮಾನರಿಗೆಲ್ಲ ಈ ಎರಡೇ ಗೇರು.

ಅದು ಕಣ್ಣಿನ ಪೊರೆ, ಆಪರೇಷನ್ ಮಾಡಿ ತೆಗೆದರೆ ಹೋಗುವಂಥದ್ದು. ಖರ್ಚಿಗೆ ಇಎಸ್‌ಐ ಕಾರ್ಡು ಇತ್ತು. ಆಪರೇಷನ್ ಆಗುವವರೆಗೆ ವಾಸಣ್ಣ ಕಲ್ಲಿನ ಹತ್ತಿರ ಹೋಗಕೂಡದು, ಆದಮೇಲೂ ಡಾಕ್ಟರು ಹೇಳುವವರೆಗೆ ಹೊಗೆ, ಬೆಂಕಿ ಕೂಡದು. ಅಷ್ಟು ಹೇಳಿದೆ. ಅವನು ಒಪ್ಪಲಿಲ್ಲ.

“ಆಪರೇಷನ್‌ಗೆ ಹೆದರಲ್ಲ. ಕಣ್ಣು ಬಂದು ಕಲ್ಲು ಹೋದ್ರೆ ಆ ಕಣ್ಣಲ್ಲಿ ಏನ್ ನೋಡ್ಲಿ ಮೇಡಂ? ಇನ್ನೊಬ್ಬ ನಿಂತಿರೋದನ್ನಾ?”

“ನಿಮ್ಮ ಜಾಗ ನಿಮಗೇ ಅಂತ ಹೋಟೆಲ್ ಲೆಟರ್‌ಹೆಡ್‌ನಲ್ಲಿ ಬರ್ದು ಕೊಡ್ತೀನಿ.”

“ಇಂಗ್ಲಿಷಲ್ಲಿ ಬೇಡಪ್ಪ. ನಾನ್ ಇಂಗ್ಲಿಷ್ ಓದೋ ಚೆಂದ ನೀವ್ ನೋಡಿದೀರಲ್ಲ.”

ಹೀಗೆ ನನ್ನ ಸರ್ವಿಸಿನಲ್ಲಿ ಮೊದಲ ಸಲ ಕನ್ನಡದಲ್ಲಿ ಒಂದು ಆಫೀಸ್ ಆರ್ಡರ್ ಬರೆದೆ. ಎರಡು ಸಾಲಿಗೆ ಮೂರು ಹಾಳೆ ಹರಿದೆ. ‘ದೋಸೆ ಕಲ್ಲಿನ ಕೆಲಸವು ಶ್ರೀ ವಾಸು ಅವರದೇ ಆಗಿದ್ದು, ಅವರು ಗುಣವಾಗಿ ಬರುವವರೆಗೆ ಶ್ರೀಮತಿ ಮಂಜುಳಾ ಅವರು ನೋಡಿಕೊಳ್ಳತಕ್ಕದ್ದು. ಅವರು ಬಂದ ದಿನ ಬಿಟ್ಟುಕೊಡತಕ್ಕದ್ದು.’ ‘ತಕ್ಕದ್ದು’ ಎಂದು ಬರೆದಾಗ ನನಗೇ ಭಯವಾಯಿತು.

ಸೈನ್ ಹಾಕುವಾಗ ರಾಯರು ಪೆನ್ನು ಎತ್ತಿ ಹಿಡಿದರು. “ಕಲ್ಲಿನ ಮುಂದೆ ಹೆಂಗಸಾ? ಗಿರಾಕಿಗಳು ಏನಂತಾರೆ?”

“ಗಿರಾಕಿಗಳ ಮನೇಲಿ ದೋಸೆ ಯಾರು ಹುಯ್ತಾರೆ ಸಾರ್?”

ಸೈನ್ ಹಾಕಿದರು.

ಎರಡು ಕಣ್ಣಿಗೂ ಬೇರೆ ಬೇರೆಯಾಗಿ ಆಪರೇಷನ್ ಆಗಿ ಮುಗಿಯುವುದಕ್ಕೆ ಎರಡೂವರೆ ತಿಂಗಳು ಬೇಕಾಯಿತು. ಶ್ರೀನಗರದ ಮನೆಯಲ್ಲಿ ಮಲಗಿರು ಎಂದರೆ ವಾಸಣ್ಣ ಕಪ್ಪು ಕನ್ನಡಕ ಹಾಕಿಕೊಂಡು ದಿನಾ ಬೆಳಿಗ್ಗೆ ಬಂದು ನಮ್ಮ ಹೋಟೆಲಿನ ಎದುರು ಫುಟ್‌ಪಾತಿನಲ್ಲಿ ನಿಲ್ಲುತ್ತಿದ್ದ. ಒಳಗೆ ಬರುವ ಹಾಗಿರಲಿಲ್ಲ. ಕಿಟಕಿಯ ಮೂಲಕ ಕೂಗುತ್ತಿದ್ದ: “ಮಂಜುಳಾ, ಕಲ್ಲು ಇನ್ನೂ ಕಾದಿಲ್ಲ, ಸದ್ದು ಹಸಿ!” ಒಳಗಿನಿಂದ ಅವಳು, “ಪೇಷೆಂಟು ಪೇಷೆಂಟ್ ಥರ ಇರ್ಬೇಕು ಅಣ್ಣ! ಮನೆಗೆ ಹೋಗ್ರೀ!” ಎನ್ನುತ್ತಿದ್ದಳು. ಹೊರಗೆ ಕಾಫಿ ಕುಡಿಯುತ್ತಾ ನಿಂತವರು ಸಿನಿಮಾ ಹೀರೋ ಯಾರೋ ಬಂದಿದ್ದಾನೆ ಎಂದು ತಿರುಗಿ ನೋಡುತ್ತಿದ್ದರು.

ಮೊದಲ ವಾರ ಮಂಜುಳಾಳ ದೋಸೆಗಳು ಕರ್ನಾಟಕದ ಮ್ಯಾಪಿನ ಹಾಗಿದ್ದವು. ಎರಡನೇ ತಿಂಗಳಿಗೆ ಗಿರಾಕಿಗಳು ಅವಳು ನಿಂತಿದ್ದಾಳೆಯೇ ಎಂದು ಕಿಟಕಿಯಲ್ಲಿ ಬಗ್ಗಿ ನೋಡಿ ಟೋಕನ್ ತೆಗೆದುಕೊಳ್ಳಲು ಶುರು ಮಾಡಿದ್ದರು. ನನಗೆ ಅಲ್ಲಿಂದ ನಿದ್ದೆ ಕೆಟ್ಟಿತು. ರಾಯರು ಒಂದು ದಿನ ನನ್ನ ಗೂಡಿಗೆ ಬಂದು, ಪ್ಲೈವುಡ್ಡಿಗೆ ಒರಗಿ, ಮೆಲ್ಲಗೆ ಹೇಳಿದರು.

“ವಾಸಣ್ಣನಿಗೂ ವಯಸ್ಸಾಯ್ತು. ಬಂದ್ಮೇಲೆ ಇಡ್ಲಿ ಕಡೆ ನೋಡ್ಕೊಳ್ಲಿ. ಆ ಹುಡುಗಿ ಹೇಗೂ ಸೆಟ್ ಆಗಿದಾಳೆ.”

“ಆರ್ಡರ್ ಇದೆ ಸಾರ್.”

“ಅದು ನಮ್ದೇ ಪೇಪರ್ರು.”

“ಅದಕ್ಕೇ ಸಾರ್. ಬೇರೆಯವರ ರೂಲ್ಸ್ ಮುರಿದ್ರೆ ನಾನು ಏನಾದ್ರೂ ಇಂಗ್ಲಿಷಲ್ಲಿ ಬರ್ದು ಮ್ಯಾನೇಜ್ ಮಾಡ್ಬಹುದು. ನಮ್ದೇ ಮುರಿದ್ರೆ ಯಾರಿಗೆ ಬರೀಲಿ?”

ರಾಯರು ಗಲ್ಲಾದ ಕಡೆ ಹೊರಟುಹೋದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಮಂಜುಳಾಳನ್ನು ಕೇಳುವ ಧೈರ್ಯ ನನಗಿರಲಿಲ್ಲ. ಏನೆಂದು ಕೇಳುವುದು? ಚೆನ್ನಾಗಿ ಮಾಡಿದೀಯ, ಈಗ ಬಿಡು ಎಂದೇ?

ವಾಸಣ್ಣನ ಹೊಸ ಸರ್ಟಿಫಿಕೇಟ್ ಬಂದು, ಅವನು ಡ್ಯೂಟಿಗೆ ಬರಬೇಕಾದ ದಿನ ನಾನು ಬೆಳಿಗ್ಗೆ ಐದೂವರೆಗೇ ಹೋದೆ. ಆಫೀಸ್ ಆರ್ಡರನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬ್ಯಾಗಿನಲ್ಲಿ ಒಯ್ದಿದ್ದೆ. ಯುದ್ಧಕ್ಕೆ ಹೋದ ಹಾಗೆ. ಕಲ್ಲಿನ ಮುಂದೆ ಯಾರೂ ಇರಲಿಲ್ಲ. ಕಲ್ಲು ಉಜ್ಜಿ, ಎಣ್ಣೆ ಸವರಿ, ಸೌಟು, ಪೊರಕೆ, ನೀರಿನ ಚೊಂಬು ಎಲ್ಲ ಬಲಗೈಗೆ ಸಿಗುವ ಹಾಗೆ ಜೋಡಿಸಿಟ್ಟಿತ್ತು. ಮಂಜುಳಾ ಎಡಗೈಯವಳು. ಅವಳು ಆಗಲೇ ಕಟ್ಟೆಯ ಮೇಲೆ ಕಾಯಿ ತುರಿಯುತ್ತಾ ಕೂತಿದ್ದಳು. ನನ್ನ ಕಡೆ ನೋಡಲಿಲ್ಲ.

ವಾಸಣ್ಣ ಬಂದ. ಕಲ್ಲು ನೋಡಿದ. ಆಮೇಲೆ ತಲೆಯೆತ್ತಿ ನಾಲ್ಕೂ ಕಡೆ ನೋಡಿ ಗಾಬರಿಯಾಗಿ, “ಥೂ, ಇಷ್ಟು ಗಲೀಜಲ್ಲಿ ನಾನು ಕೆಲ್ಸ ಮಾಡ್ತಿದ್ನಾ ಮೇಡಂ? ಆ ಚಿಮಣಿ ನೋಡಿ! ಯಾರೂ ಹೇಳೋರಿಲ್ವಾ ಇಲ್ಲಿ?” ಎಂದ. ಆ ಚಿಮಣಿ ಬಗ್ಗೆ ನಾನು ಹದಿನಾಲ್ಕು ಮೆಮೊ ಕೊಟ್ಟಿದ್ದೆ. ಹಾಗೆಯೇ ನನ್ನ ಮುಖ ನೋಡಿ ಅವನ ದನಿ ತಗ್ಗಿತು. “ಅಯ್ಯೋ, ನಿಮ್ ಕೂದ್ಲು ಯಾವಾಗ ಬೆಳ್ಳಗಾಯ್ತು?”

“ನೀವು ಇ ಎಫ್ ಪಿ ಹೇಳ್ತಿದ್ದಾಗ” ಎಂದೆ.

ನಕ್ಕ. ನಗುತ್ತಲೇ ಮಂಜುಳಾಳ ಕಡೆ ತಿರುಗಿದವನ ಕಣ್ಣು ಅವಳ ಬಲಗಾಲಿನ ಮೇಲೆ ನಿಂತಿತು. ಚಪ್ಪಲಿಯ ಪಟ್ಟಿಯ ಎರಡೂ ಪಕ್ಕ ಹರಡಿದ, ಮಡಿಕೆ ಮಡಿಕೆಯಾದ ತಿಳಿ ಗುಲಾಬಿ ಚರ್ಮ. ಸುಟ್ಟದ್ದು ಅವನಿಗೆ ಗೊತ್ತಿತ್ತು, ಆದರೆ ನೋಡಿರಲಿಲ್ಲ. ಅವಳು ಸೀರೆಯನ್ನು ಕೆಳಕ್ಕೆ ಎಳೆದುಕೊಂಡಳು. ಅವನು ಸೌಟು ಕೈಗೆ ತೆಗೆದುಕೊಂಡ. ಆ ದಿನ ಪೂರ್ತಿ ದೋಸೆಗಳು ಒಂದರ ಹಿಂದೆ ಒಂದು ಬಂದವು, ಎಲ್ಲ ಒಂದೇ ಅಳತೆ.

ವಾರ ಕಳೆದು ನನ್ನ ಗೂಡಿಗೆ ಬಂದ. “ಮೇಡಂ, ಆ ಪೇಪರ್ ಇದೆಯಲ್ಲ, ಅದರಲ್ಲಿ ಇನ್ನೊಂದು ಸಾಲು ಸೇರ್ಸಿ. ಬೆಳಿಗ್ಗೆ ನಂದು. ಮಧ್ಯಾಹ್ನದ ಮೇಲೆ ಮಂಜುಳಂದು. ನನ್ನ ನಂತರ ಪೂರ್ತಿ ಅವಳ್ದೇ. ಆ ಕೊನೇ ಪದ ಹಾಕಿ, ಗಟ್ಟಿಯಾಗಿರತ್ತಲ್ಲ.”

“ತಕ್ಕದ್ದು?”

“ಹ್ಞಾಂ, ಅದೇ.”

ಬರೆದೆ. ಈ ಸಲ ಒಂದೇ ಹಾಳೆಯಲ್ಲಿ ಬಂತು. ಮಂಜುಳಾಳ ಕೈಗೆ ಕೊಟ್ಟಾಗ ಅವಳು ಎರಡು ಸಲ ಓದಿಕೊಂಡು, ಒಂದು ಕಾಪಿ ತನಗೂ ಬೇಕೆಂದಳು. ಆ್ಯಕ್ಸಿಡೆಂಟ್ ರಿಜಿಸ್ಟರನ್ನೂ ಆ ದಿನವೇ ತೆಗೆದು, ‘ವೆಟ್ ಫ್ಲೋರ್’ ಎಂಬುದನ್ನು ಹೊಡೆದು ಹಾಕಿ, ಪಕ್ಕದಲ್ಲಿ ನಡೆದದ್ದನ್ನು ಬರೆದು, ನನ್ನ ಸೈನ್ ಹಾಕಿದೆ. ನೋಡಲು ಕೆಟ್ಟದಾಗಿ ಕಾಣುತ್ತಿತ್ತು. ಪಕ್ಕದ ಮನೆಯ ಹುಡುಗಿಗೆ ಹೇಳುವುದು ಇಷ್ಟೇ: ಚೊಕ್ಕಟವಾಗಿರುವ ಪುಟ ಕಂಡರೆ ಎದ್ದು ಅಡುಗೆಮನೆಗೆ ಹೋಗಿ ನೋಡು. ಟೋಪಿ ಆಮೇಲೆ ನೋಡಿದರಾಯಿತು. ಮೊದಲು ಜನರ ಕಾಲು ನೋಡು.

ವಾಸಣ್ಣ ನಾಲ್ಕು ವರ್ಷ ಬೆಳಗಿನ ಕಲ್ಲು ನಡೆಸಿದ. ಚಿಮಣಿಯ ವಿಷಯದಲ್ಲಿ ನನಗಿಂತ ದೊಡ್ಡ ಇನ್‌ಸ್ಪೆಕ್ಟರ್ ಆಗಿ ಎಲ್ಲರ ಪ್ರಾಣ ತಿಂದ. ಆಮೇಲೆ ಮೊಣಕಾಲು ನೋವೆಂದು ತಾನಾಗಿಯೇ ಬಿಟ್ಟ. ಅವನು ಬಿಟ್ಟ ಮುಂದಿನ ವರ್ಷ ನಾನೂ ರಿಟೈರ್ ಆದೆ.

ನಾನು ಅವನನ್ನು ಕೊನೆಯ ಸಲ ನೋಡಿದ್ದು ನಮ್ಮ ಹೋಟೆಲಿನ ಫ್ಯಾಮಿಲಿ ರೂಮಿನಲ್ಲೇ. ಫೋರ್ತ್ ಬ್ಲಾಕಿನಲ್ಲಿ ಔಷಧಿ ತೆಗೆದುಕೊಂಡು ಹಾಗೇ ಒಂದು ಕಾಫಿಗೆಂದು ಹೋಗಿದ್ದೆ. ಮೂಲೆಯ ಮೇಜಿನಲ್ಲಿ ಒಬ್ಬನೇ ಕೂತಿದ್ದ, ಇಸ್ತ್ರಿ ಮಾಡಿದ ಶರಟು. ಅಷ್ಟು ವರ್ಷ ಅಲ್ಲಿ ದುಡಿದವನು ಗಿರಾಕಿಗಳ ಮೇಜಿನಲ್ಲಿ ಕೂತು ತಿನ್ನುತ್ತಿರುವುದು ಅದೇ ಮೊದಲಂತೆ. “ಕುರ್ಚಿ ಸರಿ ಇಲ್ಲ ಮೇಡಂ, ಬೆನ್ನು ನೋಯತ್ತೆ. ಇದಕ್ಕೆ ಜನ ಎಕ್ಸ್‌ಟ್ರಾ ಕೊಟ್ಟು ಬರ್ತಾರಾ?” ಎಂದ. ಮಂಜುಳಾ ಹುಯ್ದ ದೋಸೆಯನ್ನು ಸುತ್ತ ತಿರುಗಿಸಿ ನೋಡಿ, ಅಂಚು ಮುರಿದು ಮೊದಲು ಕಿವಿಯ ಹತ್ತಿರ ಹಿಡಿದು, ಆಮೇಲೆ ತಿಂದ. ಪೂರ್ತಿ ತಿಂದ. ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.

ಮುಗಿಸಿದವನು ಅಭ್ಯಾಸಬಲದಿಂದ ತಟ್ಟೆ ಎತ್ತಿಕೊಂಡು ಸೀದಾ ಅಡುಗೆಮನೆಯ ಬಾಗಿಲಿಗೆ ನಡೆದ. ನಾನೂ ಹಿಂದೆ ಹೋದೆ. ಒಳಗಿನಿಂದ ಟೋಪಿ ಹಾಕಿಕೊಂಡ ಮಂಜುಳಾ ಬಂದು ಬಾಗಿಲಿಗೆ ಅಡ್ಡ ಕೈಯಿಟ್ಟಳು.

“ಅಣ್ಣ, ಹೊರಗಿನವ್ರು ಒಳಗೆ ಬರೋ ಹಾಗಿಲ್ಲ. ಚಪ್ಪಲಿ ಬೇರೆ.”

“ನಾನು ಹೊರಗಿನವ್ನಾ?” ಅವನು ನನ್ನ ಕಡೆ ತಿರುಗಿದ. “ಮೇಡಂ, ನೀವಾದ್ರೂ ಹೇಳಿ.”

“ಆ ರೂಲ್ ಮಾಡಿದ್ದೇ ನಾನು ವಾಸಣ್ಣ. ಈಗ ನನ್ನನ್ನೂ ಬಿಡಲ್ಲ.”

ಮಂಜುಳಾ ನಗುತ್ತಾ ತಟ್ಟೆಗೆ ಕೈ ಚಾಚಿದಳು. ಅವನು ಕೊಡದೆ ಹಾಗೇ ಹಿಡಿದುಕೊಂಡು, ಅವಳ ಹೆಗಲ ಮೇಲಿಂದ ಒಳಗೆ ನೋಡುತ್ತಿದ್ದ. ನಾನೂ ನೋಡಿದೆ, ಹೊಗೆ, ಆವಿ, ಓಡಾಡುವ ಜನ ಬಿಟ್ಟು ನನಗೇನೂ ಕಾಣಲಿಲ್ಲ.

“ಕಲ್ಲಿನ ಎಡಗಡೆ ಬರ್ನರ್ರು ನೀಲಿ ಬಿಟ್ಟು ಹಳದಿ ಉರೀತಿದೆ” ಎಂದ. “ಆರ್ಸಿ ಕ್ಲೀನ್ ಮಾಡ್ಸು. ಈಗ್ಲೇ.”

ಅವಳು ತಿರುಗಿ ನೋಡಿದವಳೇ ಒಳಗೆ ಓಡಿದಳು. ಗ್ಯಾಸಿನ ವಾಲ್ವ್ ತಿರುಗಿಸಿದ ಸದ್ದು ಕೇಳಿತು, ಯಾರನ್ನೋ ಗದರಿದ್ದು ಕೇಳಿತು. ವಾಸಣ್ಣ ತಟ್ಟೆಯನ್ನು ಬಾಗಿಲ ಪಕ್ಕದ ಕಟ್ಟೆಯ ಮೇಲಿಟ್ಟು, ಗಿರಾಕಿಗಳ ನಲ್ಲಿಯಲ್ಲಿ ಕೈ ತೊಳೆದು, “ಬರ್ತೀನಿ ಮೇಡಂ, ಬಸ್ಸಿಗೆ ಹೊತ್ತಾಯ್ತು” ಎಂದು ಹೊರಟುಹೋದ.